ಶುಕ್ರವಾರ ಸಂಜಿಯ ಗಣಿತ ಪೇಪರ್

...ಶುಕ್ರವಾರನ ಅದು, ಬ್ಯಾರೆ ಶುಕ್ರವಾರದ ಹಂಗ ಇತ್ತು, ಅದನ್ನ ಮೊದ್ಲು ಹೇಳ್ಬೇಕು ನಿಮಗ ಎಲ್ಲಾ ಮೊಮ್ಮಕ್ಕಳಿಗೆ. ಬ್ಯಾಡಗಿ ಸಾಲ್ಯಾಗ ಮುಂಜಾನೆ ಪ್ರಾರ್ಥನಾ ಆತು, ಮಾರ್ಕೆಟ್ ಕಡಿಂದ ಮೆಣಸಿನಕಾಯಿ ಘಾಟು ಬಂದು ಹುಡುಗ್ರು ಒಬ್ಬರಾದ ಮ್ಯಾಲೆ ಒಬ್ಬರು ಸೀನಿದ್ರು, ನಾನೂ ಸೀನಿದೆ, ಅವರು ನಕ್ಕರು. ನಾನು ಆರನೇತ್ತಾ ಕ್ಲಾಸಿನ ಅಕ್ಕೋರು, ವಯಸ್ಸು ಇಪ್ಪತ್ತೆರಡು, ಅಲ್ಲ, ಇಪ್ಪತ್ತಮೂರು ತುಂಬಿತ್ತು, ಮೊದಲನೇ ನೌಕರಿ, ಇನ್ನೂ ಕಾಯಂ ಆಗಿರಲಿಲ್ಲ. ವಾರ್ಷಿಕ ಪರೀಕ್ಷಾ ನಡೆದಿತ್ತು. ಮಧ್ಯಾಹ್ನ ದೀನಾ ಅನ್ನೋ ಹುಡುಗಿನ ಕರದು ಹೇಳ್ದೆ, ನಾಳೆ ಶನಿವಾರದ ಗಣಿತ ಪೇಪರ್ ನೀ ನಾಳೆ ಬರಿಯೂದು ಬ್ಯಾಡ, ಇವತ್ತ ಸಂಜಿ ಆರಕ್ಕ ಬಂದು ಹೆಡ್‌ಮಾಸ್ತರ್ರ ಖೋಲ್ಯಾಗ ಒಬ್ಬಾಕಿನ ಕುಂತು ಬರಿ ಅಂತ. ಆಕಿ ತಲಿ ತಗ್ಗಿಸಿ "ಹೂಂ ಅಕ್ಕೋರ" ಅಂದ್ಲು. ಅಷ್ಟ. ನಾನು ದೊಡ್ಡ ಕೆಲಸಾ ಮಾಡಿದೆ ಅಂತ ಡಬ್ಬಿ ಬಿಚ್ಚಿ ಊಟಕ್ಕ ಕುಂತೆ.

ಸಹನಾ, ಮೊಬೈಲ್ ಕೆಳಗಿಡು ಮೊದ್ಲು. ನೀ ಮುಂಜಾನೆ ನಿಮ್ಮವ್ವನ ಮುಂದ ಅಂದ್ಯಲ್ಲ, ಬರೇ ರವಿವಾರದ ವಚನದ ಕ್ಲಾಸು, ಒಂದಿನ ಹೋಗ್ದಿದ್ರ ಏನಾಗ್ತೈತಿ ಅಂತ, ಅದಕ್ಕ ಹೇಳಾಕತ್ತೇನಿ. ನಿಮ್ಮ ಅಜ್ಜ ಇದ್ದಿದ್ರ ಹೇಳಾಕ ಬಿಡ್ತಿರಲಿಲ್ಲ. ಈ ವಿಷಯಾ ಬಂದ್ರ ನಿನಗ ಸಿಟ್ಟು ಬರ್ತೈತಿ, ರಾತ್ರಿ ನಿದ್ದಿ ಬರೂದಿಲ್ಲ, ಬಿಡು ಅಂತಿದ್ರು. ಅವರು ಹೋಗಿ ಐದು ತಿಂಗಳಾತು. ಈಗ ಬಿಡು ಅನ್ನಾವ್ರಿಲ್ಲ, ಹೇಳ್ತೇನಿ.

ದೀನಾ ಯಾರು ಅಂದ್ರ, ಬ್ಯಾಡಗಿ ಸ್ಟೇಶನ್ನಿನ ಪಾರ್ಸಲ್ ಕ್ಲಾರ್ಕರ ಮಗಳು. ಅವರು ಯಹೂದಿ ಮಂದಿ. ಮನ್ಯಾಗ ಮರಾಠಿ ಮಾತು, ಹೊರಗ ನಮ್ಮ ಹಂಗ ಕನ್ನಡ, ಮೂಲ ಕೊಂಕಣದ ಕಡಿಯವ್ರಂತ, ಎಷ್ಟೋ ತಲಿಮಾರಿನ ಹಿಂದಿನಿಂದ ಈ ದೇಶದಾಗ ಇದ್ದವ್ರು. ಆಕಿ ಅವ್ವ ರಾಹೆಲಬಾಯಿ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡಾಕಿ, ನಾನು ವೈನಿ ಅಂತಿದ್ದೆ. ಒಂದಿನ ಸಾಲಿಗೆ ಬಂದು ಕೇಳಿದ್ಲು, ನೀವು ಟ್ರೇನಿಂಗ್ ಆದಾವ್ರು ಅಕ್ಕೋರ, ಸಣ್ಣ ಮಕ್ಕಳಿಗೆ ಅಕ್ಷರ ಹೆಂಗ ಕಲಿಸಬೇಕು ಅಂತ ನನಗ ಹೇಳಿಕೊಡ್ರಿ ಅಂತ. ಅವರ ದೇವರ ಭಾಷಾ ಹೀಬ್ರೂ. ಅದನ್ನ ಓದಾಕ ಬರ್ದಿದ್ರ ಅವರ ಪ್ರಾರ್ಥನಾ ಬರೂದಿಲ್ಲ. ಇಲ್ಲಿ ಅವರ ಗುಡಿಯಿಲ್ಲ, ಪೂಜಾರಿಯಿಲ್ಲ, ಕಲಿಸಾವ್ರಿಲ್ಲ. ಅದಕ್ಕ ಆಕಿನ ರೈಲ್ವೆ ಕ್ವಾರ್ಟರ್ಸಿನ್ಯಾಗ ರವಿವಾರ ಮುಂಜಾನೆ ಒಂದು ಸಾಲಿ ತಗದಿದ್ಲು. ಹುಡುಗ್ರು ಎಷ್ಟು ಅಂತೀರಿ? ಐದು. ಅಲ್ಲ, ತಡೀರಿ, ಆಕಿವು ಎರಡು, ರಾಣೆಬೆನ್ನೂರಿಂದ ಪ್ಯಾಸೆಂಜರ್ ಗಾಡಿಗೆ ಬರ್ತಿದ್ದ ಇನ್ನೊಂದು ಮನಿಯವ್ರ ಮಕ್ಕಳು ಎರಡು, ನಾಲ್ಕ. ನಾಲ್ಕು ಮಕ್ಕಳ ಸಾಲಿ.

ನಾ ರವಿವಾರ ಹೋಗಾಕ ಹತ್ತಿದೆ. ತಾಟಿನ್ಯಾಗ ಉಸುಕು ಹಾಕಿ ಕೈಬಟ್ಟಿಲೆ ಬರಸೂದು ನಾ ಹೇಳಿಕೊಟ್ಟದ್ದು. ಆಲೆಫ್, ಬೇತ್, ಗೀಮೆಲ್, ಅವು ಬಲಗಡಿಂದ ಎಡಗಡಿಗೆ ಹೋಗ್ತಾವು, ನನ್ನ ಬಟ್ಟು ಮಾತ್ರ ಎಡಕಿನಿಂದನ ಸುರು ಮಾಡೂದು, ಹುಡುಗ್ರು ಬಿದ್ದು ಬಿದ್ದು ನಗೂದು. ಅಲ್ಲೊಂದು ಪದ್ಧತಿ ಇತ್ತು ನೋಡ್ರಿ. ಮಕ್ಕಳನ್ನ ಬಿಟ್ಟು ತಂದಿ ತಾಯಿ ಹೊರಗ ಹೋಗಂಗಿಲ್ಲ. ಅವರೂ ಚಾಪಿ ಮ್ಯಾಲ ಕುಂದ್ರಬೇಕು, ಅವರೂ ಓದಬೇಕು. ದೀನಾನ ಅಪ್ಪ ಡ್ಯೂಟಿ ಮುಗಿಸಿ ಬಂದು ಕುಂತು ತಪ್ಪು ಓದಿದ್ರ ದೀನಾ ತಿದ್ದಾಕಿ. "ಅಪ್ಪಾ, ಬಾಲ ಐತಿ ಅದಕ್ಕ, ನೋಡಿ ಓದು." ಅವರು ಕಿವಿ ಹಿಡ್ಕೊಂಡು ಮತ್ತ ಓದಾವ್ರು. ನಾನು ಮೂವತ್ತಾರು ವರ್ಷ ಮಾಸ್ತರಕಿ ಮಾಡೇನಿ, ಮಕ್ಕಳ ಮುಂದ ಅಪ್ಪ ತಪ್ಪು ಒಪ್ಪಿಕೊಳ್ಳೂ ಸಾಲಿ ಅದೊಂದ ನೋಡಿದ್ದು.

ಅವರಿಗೆ ಶನಿವಾರ ಪವಿತ್ರ ದಿನ. ಕೆಲಸಾ ಮಾಡಂಗಿಲ್ಲ, ಒಲಿ ಹಚ್ಚಂಗಿಲ್ಲ, ಬರಿಯಂಗಿಲ್ಲ. ದೀನಾ ಶನಿವಾರ ಸಾಲಿಗೆ ಬರ್ತಿದ್ಲು, ಕುಂತು ಕೇಳ್ತಿದ್ಲು, ಪೆನ್ನು ಮಾತ್ರ ಮುಟ್ತಿರಲಿಲ್ಲ. ಆಕಿ ಅಪ್ಪಗ ಆ ಭಾಗ್ಯಾನೂ ಇಲ್ಲ, ರೈಲ್ವೆ ನೌಕರಿ, ಶನಿವಾರನೂ ಪಾರ್ಸಲ್ ಬರ್ತಾವು, ಬರದುಕೊಳ್ಳಬೇಕು. ಒಂದು ರವಿವಾರ ನನ್ನ ಮುಂದ ಅಂದ್ರು, ನಿಧಾನಕ, ಬಾಗಿಲ ಕಡಿ ನೋಡ್ಕೋತ ಅಂದ್ರು. "ಹೊಟ್ಟಿಪಾಡಿಗೆ ನಾ ಶನಿವಾರ ಪೆನ್ನು ಹಿಡೀತೇನ್ರಿ ಅಕ್ಕೋರ. ನನ್ನ ಮಗಳರ ಹಿಡಿಯೂದು ಬ್ಯಾಡ." ಅಷ್ಟ ಇತ್ತು ಅವರದು, ಇನ್ನೇನೂ ಕೇಳಲಿಲ್ಲ ಅವರು ಯಾರನ್ನೂ. ಮೊದಲಿನ ಹೆಡ್‌ಮಾಸ್ತರ್ರು ಹುಂ ಅಂದು ಸುಮ್ನ ಬಿಟ್ಟಿದ್ರು.

ಆ ವರ್ಷ ಹೊಸಬರು ಬಂದ್ರು. ಹೆಸರು ಹೇಳೂದಿಲ್ಲ ನಾ, ಅವರ ಮೊಮ್ಮಕ್ಕಳು ಇಲ್ಲೇ ಹಾವೇರ್ಯಾಗ ಅದಾರ. ಟೈಮ್‌ಟೇಬಲ್ ಹಾಕಿದ್ರು, ಗಣಿತ ಶನಿವಾರ. ನಾ ಹೋಗಿ ಕೇಳಿದೆ, ಸರ್, ಯಾವ ವಿಷಯಾ ಶನಿವಾರಕ್ಕ ಹಾಕಿದ್ರೂ ಆಕಿಗೆ ಅದ ತೊಂದ್ರಿ, ಆದ್ರ ಒಂದು ಪೇಪರ್ ಆಕಿಗೆ ಬ್ಯಾರೆ ದಿನಾ ಕೊಟ್ರ ಏನೂ ಕೆಡೂದಿಲ್ಲ ಅಂದೆ. ಅವರು ಮೂಗಿನ ಮ್ಯಾಲಿನ ಚಸ್ಮಾದಾಗಿಂದ ನೋಡಿ, ಬರದ್ರ ಅವರ ದೇವರು ಕೈ ಕಡೀತಾನೇನು ಅಂದ್ರು. ಒಬ್ಬಾಕಿ ಹುಡುಗಿ ಸಲುವಾಗಿ ನಿಯಮ ಮುರಿಯೂದಿಲ್ಲ ಅಂದ್ರು. ನಿಯಮ ಅಂತ. ಆ ಟೈಮ್‌ಟೇಬಲ್ಲಿನ್ಯಾಗ ಸೋಮವಾರದ ಪೇಪರ್ ಒಂಬತ್ತೂಕಾಲಕ್ಕ ಇತ್ತು, ಉಳಿದ ದಿನದ್ದು ಏಳೂವರಿಗೆ. ಯಾಕ ಗೊತ್ತೈತಿ? ಸೋಮವಾರ ಏಳೂವರಿಯಿಂದ ಒಂಬತ್ತರತನಕ ರಾಹುಕಾಲ. ರಾಹುಕಾಲದಾಗ ಪ್ರಶ್ನಪತ್ರಿಕಾ ಒಡಿಯಬಾರದು ಅಂತ ಇನ್ನೂರು ಹುಡುಗ್ರನ್ನ ಬಿಸಲಾಗ ಕುಂದ್ರಿಸಿದ್ರು. ತಮ್ಮದಾದ್ರ ಶಾಸ್ತ್ರ, ಮಂದೀದಾದ್ರ ಹಟ. ನಾ ಅದನ್ನ ಬಾಯಿಬಿಟ್ಟು ಅನ್ನಲಿಲ್ಲ. ಅನ್ನಬೇಕಿತ್ತು.

ಎಂಟು ದಿನಾ ಹಿಂದ ಹತ್ತಿದೆ. ಕಡೀಗೆ ಆ ಶುಕ್ರವಾರ ಮುಂಜಾನೆ ಒಪ್ಪಿದ್ರು, ಆದ್ರ ಒಂದು ಕರಾರು ಹಾಕಿದ್ರು. ಹುಡುಗಿ ಪೇಪರ್ ಬರದು ಹೋಗಿ ಉಳಿದವ್ರಿಗೆ ಪ್ರಶ್ನೆ ಹೇಳಬಾರದು, ಅದಕ್ಕ ಶನಿವಾರಕ್ಕ ಹಿಂದಿನ ಸಂಜಿ, ಎಲ್ಲರೂ ಮನಿಗೆ ಹೋದಮ್ಯಾಲೆ, ಆರರಿಂದ ಎಂಟು ಬರಿಯಲಿ ಅಂತ. ನಾನು ಹುಚ್ಚಿ, ಸಂತೋಷದಿಂದ ಕೈ ಮುಗದೆ. ಶುಕ್ರವಾರ ಸಂಜಿ ಅಂದ್ರ ಶುಕ್ರವಾರನ ಅಲ್ಲೇನು? ನಮಗ ಹೊತ್ತು ಹುಟ್ಟಿದ್ರ ದಿನಾ ಹುಟ್ತು, ಮತ್ತ ಮರುದಿನ ಹೊತ್ತು ಹುಟ್ಟೂತನಕ ಅದ ವಾರ. ಬ್ಯಾರೆ ಲೆಕ್ಕ ಇರ್ತೈತಿ ಅಂತ ತಲಿಗೇ ಬರಲಿಲ್ಲ. ಒಂಬತ್ತು ತಿಂಗಳು ಅವರ ಮನಿಗೆ ಹೋಗೇನಿ, ಎಲ್ಲಾ ರವಿವಾರನ. ಶುಕ್ರವಾರ ಸಂಜಿ ನಾ ನನ್ನ ಖೋಲ್ಯಾಗ ಲಕ್ಷ್ಮೀಗೆ ದೀಪ ಹಚ್ಚಾಕಿ, ಆ ಹೊತ್ತಿನ್ಯಾಗ ವೈನಿ ಏನು ಮಾಡ್ತಾಳ ಅಂತ ಯಾಕ ಕೇಳ್ಬೇಕು ನಾ?

ಆರಕ್ಕ ದೀನಾ ಬಂದ್ಲು. ಅಪ್ಪ ಬಾಗಿಲತನಕ ಬಂದು ಬಿಟ್ಟು ಹೋದ್ರು, ನನಗ ಏನೋ ಹೇಳಾಕ ಬಾಯಿ ತಗದ್ರು, ಹೆಡ್‌ಮಾಸ್ತರ್ರನ್ನ ನೋಡಿ ಬರೇ ಕೈ ಮುಗದ್ರು. ಹತ್ತು ಲೆಕ್ಕ, ಒಂದೊಂದಕ್ಕ ಹತ್ತು ಅಂಕ. ಆಕಿ ತಲಿ ಎತ್ತಲಾರದ ಬರೆಯಾಕ ಹತ್ತಿದ್ಲು, ಅಷ್ಟು ಲಗೂ ಲಗೂ ಆಕಿ ಬರದದ್ದು ನಾ ನೋಡಿರಲಿಲ್ಲ. ನಡುನಡುವ ಖಿಡಕಿಯಿಂದ ಹೊರಗ ನೋಡ್ತಿದ್ಲು, ನನಗ ಸಿಟ್ಟು, ಎಲ್ಲಿ ನೋಡ್ತೀದಿ, ಹಾಳಿ ನೋಡು ಅಂದೆ. ಆ ಖಿಡಕಿಯಿಂದ ಸ್ಟೇಶನ್ನಿನ ಸಿಗ್ನಲ್ ಕಂಬ ಕಾಣ್ತಿತ್ತು. ಆಗ ಅದಕ್ಕ ದಿನಾ ಸಂಜಿ ಒಬ್ಬಾಂವ ಏರಿ ಎಣ್ಣಿ ದೀಪ ಇಡ್ತಿದ್ದ. ಆ ದೀಪ ಕಂಡ ಕೂಡ್ಲೆ ದೀನಾ ಪೆನ್ನಿಗೆ ಟೋಪಿ ಹಾಕಿದ್ಲು, ಎದ್ದು ನಿಂತ್ಲು. ಇನ್ನೂ ಏಳು ಗಂಟಿನೂ ಆಗಿರಲಿಲ್ಲ.

"ಯಾಕ ಎದ್ದಿ?"

"ಹೊತ್ತು ಮುಳುಗಿತ್ರಿ ಅಕ್ಕೋರ."

"ಮುಳುಗಿದ್ರೇನಾತು? ಇವತ್ತು ಶುಕ್ರವಾರ."

"ನಮಗ ಶನಿವಾರ ಹತ್ತಿತ್ರಿ."

ನಾನು, ಕೇಳ್ರಿ, ಎಂಟು ದಿನಾ ಆಕಿ ಸಲುವಾಗಿ ಜಗಳಾಡಿದಾಕಿ ನಾನು, ಆಕಿ ಕೈ ಹಿಡಿದು ಕುಂದ್ರಿಸಿದೆ. ಪೆನ್ನು ತಗದು ಆಕಿ ಬಟ್ಟಿನ್ಯಾಗ ಇಟ್ಟು, ಮ್ಯಾಲಿಂದ ನನ್ನ ಕೈಲೆ ಒತ್ತಿ ಹಿಡಿದು, ಬರಿ ಅಂದೆ, ನನ್ನ ಮರ್ಯಾದಿ ತೆಗೀಬ್ಯಾಡ ಬರಿ ಅಂದೆ. ಆಕಿ ಕೈ ಕಿತ್ತುಕೊಳ್ಳಲಿಲ್ಲ. ಅಳಲಿಲ್ಲ. ಬಟ್ಟು ಸಡಲ ಬಿಟ್ಲು, ನಾ ಕೈ ತಗದೆ, ಪೆನ್ನು ನೆಲಕ್ಕ ಬಿತ್ತು. ಹೆಡ್‌ಮಾಸ್ತರ್ರು ಕುರ್ಚಿಯಿಂದ ಏಳಲೂ ಇಲ್ಲ. "ನೋಡ್ರಿ ಅಕ್ಕೋರ, ನಿಮ್ಮ ಮಾತು ನಾ ಕೇಳಿದೆ. ಆಕಿ ಕೇಳಲಿಲ್ಲ."

ಆಕಿ ಹಿಂದನ ಕ್ವಾರ್ಟರ್ಸಿಗೆ ಹೋದೆ, ಬೈಯಾಕಂತನ ಹೋದೆ. ಮೇಜಿನ ಮ್ಯಾಲ ಬಿಳೀ ವಸ್ತ್ರ, ಎರಡು ಎಣ್ಣಿ ದೀಪ, ಚಪಾತಿ ಮ್ಯಾಲ ಒಂದು ಶುದ್ಧ ಅರಿವಿ ಮುಚ್ಚಿತ್ತು. ಎಲ್ಲರೂ ತೊಳೆದ ಬಟ್ಟಿ ಹಾಕ್ಕೊಂಡು ನಿಂತಿದ್ರು, ದೀನಾ ಒಬ್ಬಾಕಿ ಸಾಲಿ ಅಂಗಿ ಮ್ಯಾಲ. ವೈನಿ ನನಗ ನೀರು ಕೊಟ್ಟು ಕುಂದ್ರಿಸಿ ಹೇಳಿದ್ಲು, ಅವರಲ್ಲಿ ದಿನಾ ಸಂಜಿಯಿಂದ ಸುರು ಆಗ್ತೈತಿ, ಮೊದ್ಲು ಕತ್ತಲಿ, ಆಮ್ಯಾಲೆ ಬೆಳಕು, ಅವರ ಗ್ರಂಥದಾಗ ಹಂಗ ಐತಿ ಅಂತ. ಮತ್ತ ನನಗ್ಯಾಕ ಮೊದ್ಲ ಹೇಳಲಿಲ್ಲ ಅಂದೆ. "ನೀವು ನಮ್ಮ ಸಲುವಾಗಿ ಅಷ್ಟು ಓಡಾಡಿದ್ರಿ ಅಕ್ಕೋರ. ತಪ್ಪಾಗೇತಿ ಅಂತ ಹೆಂಗ ಹೇಳೂದು? ಹೊತ್ತು ಮುಳುಗೂದರಾಗ ಎಷ್ಟಾಗ್ತದೋ ಅಷ್ಟು ಬರದು ಬಾ ಅಂತ ಕಳಿಸಿದ್ವಿ." ಬೈಯಾಕ ಹೋದಾಕಿ ನೀರು ಕುಡದು ಎದ್ದು ಬಂದೆ.

ಆರು ಲೆಕ್ಕ ಬರದಿದ್ಲು ಆಕಿ. ನಾನ ತಿದ್ದಿದೆ, ಆರೂ ಸರಿ ಇದ್ದುವು, ಅರವತ್ತು ಅಂಕ. ಪಾಸಾಗಾಕ ಮೂವತ್ತೈದು ಸಾಕು. ಹೆಡ್‌ಮಾಸ್ತರ್ರು ಹಾಳಿ ಮುಟ್ಟಲಿಲ್ಲ. ವ್ಯಾಳ್ಯಾಕ್ಕಿಂತ ಮೊದ್ಲ ಎದ್ದು ಹೋದ ಪೇಪರ್ ಪೇಪರ್ ಅಲ್ಲ, ಗೈರುಹಾಜರು ಅಂತ ಬರೀರಿ ಅಂದ್ರು. ಅರ್ಧ ತಾಸಿನ್ಯಾಗ ಮುಗಿಸಿ ಎದ್ದು ಹೋಗೂ ಹುಡುಗ್ರು ವರ್ಷಾ ವರ್ಷಾ ಇರ್ತಾರ, ಅವರಿಗ್ಯಾರಿಗೂ ಗೈರುಹಾಜರು ಅಂತ ಬರದಿಲ್ಲ ಯಾರೂ. ಇದನ್ನ ಅಂದೆ ನಾ, ಈ ಸಲ ಅಂದೆ. ಅವರು ನನ್ನ ಕಾಯಂ ಮಾಡೂ ಕಾಗದದ ವಿಷಯಾ ತಗದ್ರು, ಅದಕ್ಕ ತಮ್ಮ ಸಹಿ ಬೇಕಲ್ಲ ಅಂದ್ರು. ಮನ್ಯಾಗ ನನ್ನ ಪಗಾರದ ಹಾದಿ ನೋಡ್ತಿದ್ರು, ಅಪ್ಪ ಹಾಸಿಗಿ ಹಿಡದಿದ್ರು. ಫಲಿತಾಂಶದ ಪಟ್ಟಿ ತುಂಬೂದು ಕ್ಲಾಸಿನ ಅಕ್ಕೋರ ಕೆಲಸ. ತುಂಬಿದೆ. ನನ್ನ ಕೈಲೆನ, ದುಂಡಾಗಿ, ಯಾವ ಅಕ್ಷರನೂ ಡೊಂಕಾಗಲಿಲ್ಲ. ಕಣ್ಣ ಮುಂದ ಕುಂತು ಬರದ ಹುಡುಗಿಗೆ ಗೈರುಹಾಜರು ಅಂತ ಬರದೆ. ಹೆಡ್‌ಮಾಸ್ತರ್ರ ಮ್ಯಾಲಿನ ಸಿಟ್ಟು ಎಷ್ಟೋ ವರ್ಷಕ್ಕ ತಗ್ಗಿತು, ಅವರು ಸತ್ತಾಗ ಮಣ್ಣಿಗೂ ಹೋಗಿ ಬಂದೆ. ನನ್ನ ಮ್ಯಾಲಿಂದು ತಗ್ಗಿಲ್ಲ.

ಆ ಮ್ಯಾಲೆ ಎಷ್ಟೋ ರವಿವಾರ ನಾ ಸ್ಟೇಶನ್ ಕಡಿ ಹಾಯಲಿಲ್ಲ. ವೈನಿನ ಹೇಳಿ ಕಳಿಸಿದ್ಲು, ರಾಣೆಬೆನ್ನೂರಿನ ಸಣ್ಣ ಹುಡುಗಿಗೆ ಎರಡು ಅಕ್ಷರ ಒಂದ ಹಂಗ ಕಾಣ್ತಾವು, ಹೆಂಗ ಬಿಡಿಸಿ ಹೇಳೂದು ಅಂತ. ಹೋದೆ. ಚಾಪಿ ಮ್ಯಾಲ ಕುಂತೆ. ಆ ಪರೀಕ್ಷಾದ ಮಾತು ಯಾರೂ ತಗೀಲಿಲ್ಲ. ಎರಡು ವರ್ಷದ ಮ್ಯಾಲೆ ಅವರಿಗೆ ಪುಣೆ ಕಡಿ ಬದಲಿ ಆತು, ಹೋದ್ರು.

ಅದಕ್ಕ ಹೇಳ್ತೇನಿ, ಸಹನಾ, ನೀ ವಚನದ ಕ್ಲಾಸಿಗೆ ಹೋಗು, ಬಿಡು, ಅದು ನಿನ್ನ ನಿಮ್ಮವ್ವನ ನಡುವಿನ ಮಾತು. ಆದ್ರ ಬರೇ ರವಿವಾರದ ಕ್ಲಾಸು ಅಂತ ಅನ್ನಬ್ಯಾಡ. ಮತ್ತ ಯಾರಿಗರ ಉಪಕಾರ ಮಾಡಾಕ ಹೋದ್ರ, ನಿಮಗ ಎಂಥಾದು ಬೇಕು ಅಂತ ಮೊದ್ಲು ಅವರನ್ನ ಕುಂದ್ರಿಸಿ ಕೇಳು. ದೀನಾ ಮರುವರ್ಷ ಅದ ಆರನೇತ್ತಾ ಕ್ಲಾಸಿನ್ಯಾಗ ತನಗಿಂತ ಸಣ್ಣ ಹುಡುಗ್ರ ಜೋಡಿ ಕುಂತ್ಲು, ಹಾಜರಿ ಕರಿಯಾಕಿ ನಾನ. ಆ ಇಡೀ ವರ್ಷ ಆಕಿ ಒಂದು ಶನಿವಾರನೂ ಸಾಲಿ ತಪ್ಪಿಸಲಿಲ್ಲ.