ತಿರುಗಿಸಿಟ್ಟ ಮಂಚ

ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಅಮ್ಮ, ಮಗಳು ಕೂತಿದ್ದರು. ಮಗಳ ಮಡಿಲಲ್ಲಿ ಮಕ್ಕಳ ದೆವ್ವದ ಕತೆಯ ಪುಸ್ತಕವಿತ್ತು.

“ಅಮ್ಮ, ಜಮೈಕಾದಲ್ಲಿ ಸತ್ತವರ ಮಂಚವನ್ನು ಒಂಬತ್ತನೇ ರಾತ್ರಿ ತಿರುಗಿಸಿ ಇಡ್ತಾರಂತೆ. ಆಗ ಅವರಿಗೆ ಕೋಣೆಯ ಗುರುತು ಸಿಗುವುದಿಲ್ಲ, ವಾಪಸ್ ಹೋಗ್ತಾರೆ.”

“ಇರಲಿ. ಬಿಸ್ಕೆಟ್ ತಿನ್ನು.”

“ಅಣ್ಣನ ಮಂಚ ತಿರುಗಿಸಿದ್ದು ಅಪ್ಪ ಅಲ್ಲ. ನಾನು.”

“ಯಾಕೆ ಮಗಾ?”

“ಹೆದರಿಕೆ ಆಯ್ತು. ಈಗ ಅವ ಬರುವುದೇ ಇಲ್ಲ. ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ದಿನ ಅವನಿಗಿಟ್ಟ ಎಲೆ ಹಾಗೆಯೇ ಇತ್ತು.”

ವೇಣೂರು ಬಸ್ ಬಂತು. ಅಮ್ಮ ಎರಡೂ ಚೀಲಗಳನ್ನು ಹೆಗಲಿಗೇರಿಸಿದಳು.

“ಅವ ಶಾಲೆಯಿಂದ ಬಂದು ಯಾವತ್ತಾದರೂ ಮಂಚದ ಹತ್ತಿರ ಹೋದದ್ದುಂಟಾ? ಸೀದಾ ಅಡುಗೆಕೋಣೆಗೆ. ಅಲ್ಲಿ ನಾನು ಒಂದು ಪಾತ್ರೆಯನ್ನೂ ಆಚೀಚೆ ಮಾಡಲಿಲ್ಲ. ಬಾ, ಹತ್ತು.”