ಕೆಂಪು ಚಕ್ರ ಮತ್ತು ಒಗ್ಗರಣೆ ಮಜ್ಜಿಗೆ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರುಮಾಡುವುದು ನಮ್ಮ ಪದ್ಧತಿ. ಪಾಪ, ಆ ಶ್ರೀಮಂತ ಎಷ್ಟು ಪ್ರವಚನಗಳಲ್ಲಿ ದುಡಿದಿದ್ದಾನೆ! ಪ್ರತಿ ಸಲ ಅವನೇ ಜಿಪುಣ, ಪ್ರತಿ ಸಲ ಅವನೇ ಕೊನೆಯಲ್ಲಿ ಬುದ್ಧಿ ಕಲಿಯಬೇಕು. ಈ ಶುಕ್ರವಾರ ಅವನಿಗೆ ರಜೆ ಕೊಡೋಣ.

ಒಂದು ಬಂದರಿನಲ್ಲಿ ಒಂದು ಯುದ್ಧದ ಹಡಗು ಇತ್ತು. ಆ ಹಡಗಿನಲ್ಲಿ ಒಬ್ಬ ಕಮಾಂಡರ್ ಇದ್ದ.

ಘಟ್ಟದ ತಿರುವಿನಲ್ಲಿ ಬಸ್ಸು ಹೊರಳುವಾಗ ನೀವೆಲ್ಲ ಕಿಟಕಿಯಿಂದ ಇಣುಕಿ ನೋಡಿದ್ದೀರಿ, ಬೂದುಬಣ್ಣದ ಹಡಗುಗಳನ್ನು. ದೂರದಿಂದ ನೋಡಿದರೆ ಎಮ್ಮೆಗಳು ನೀರಿಗಿಳಿದು ಮಲಗಿದ ಹಾಗೆ. ಒಳಗೆ ಏನಿದೆ ಎಂದುಕೊಂಡಿರಿ? ಒಳಗಿರುವುದು ಒಂದು ದೊಡ್ಡ ಕೂಡುಕುಟುಂಬ. ಯಾರು ಯಾರಿಗೆ ಎದ್ದು ನಿಲ್ಲಬೇಕು, ಯಾರು ಯಾರ ಮುಂದೆ ಕೂರಬಾರದು, ಯಾರ ಊಟ ಯಾವ ಕೋಣೆಯಲ್ಲಿ, ಎಲ್ಲ ನಿಗದಿ. ಕಿರಿಸೊಸೆ ನೇರ ಮಾವನ ಹತ್ತಿರ ಹೋಗಿ ಮಾತಾಡುತ್ತಾಳೆಯೇ? ಇಲ್ಲ. ಹಿರಿಸೊಸೆಗೆ ಹೇಳಬೇಕು, ಹಿರಿಸೊಸೆ ಅತ್ತೆಗೆ, ಅತ್ತೆ ಮಾವನಿಗೆ. ಅಲ್ಲಿಯೂ ಹಾಗೆಯೇ. ನಾವಿಕ ಪೆಟ್ಟಿ ಆಫೀಸರನಿಗೆ, ಪೆಟ್ಟಿ ಆಫೀಸರ್ ಲೆಫ್ಟಿನೆಂಟನಿಗೆ, ಲೆಫ್ಟಿನೆಂಟ್ ಕಮಾಂಡರನಿಗೆ.

ನಮ್ಮ ಕಮಾಂಡರನ ಭುಜದ ಮೇಲೆ ಮೂರು ಚಿನ್ನದ ಪಟ್ಟಿ. ನಾಲ್ಕನೆಯದು ಬಂದರೆ ದೊಡ್ಡ ಹುದ್ದೆ, ದೊಡ್ಡ ಹಡಗು, ದೊಡ್ಡ ಬಂಗಲೆ. ಹಡಗು ನಡೆಸುವವನು ಅವನೇ, ಪಟ್ಟಿ ಮಾತ್ರ ಒಂದು ಕಡಿಮೆ. ಮನೆಯ ಕೆಲಸವೆಲ್ಲ ಸೊಸೆಯದು, ಬೀಗದಕೈ ಮಾತ್ರ ಅತ್ತೆಯ ಸೊಂಟದಲ್ಲಿ ಇರುತ್ತದಲ್ಲ, ಹಾಗೆ. ಯಾಕೆ ನಗುತ್ತೀರಿ? ನಾನು ಹಡಗಿನ ಮಾತು ಹೇಳಿದ್ದು.

ಒಂದು ದಿನ ಸುದ್ದಿ ಬಂತು. ಅಡ್ಮಿರಲ್ ಸಾಹೇಬರು ತಪಾಸಣೆಗೆ ಬರುತ್ತಾರೆ. ಅವರು ಮೆಚ್ಚಿದರೆ ನಾಲ್ಕನೆಯ ಪಟ್ಟಿ ಬಂದಂತೆಯೇ. ಕಮಾಂಡರನ ಹೆಂಡತಿ ಅವತ್ತೇ ಟೈಲರ್ ಅಂಗಡಿಗೆ ಹೋಗಿ, "ಹೊಸ ಅಂಗಿಗೆ ಭುಜದ ಮೇಲೆ ಸ್ವಲ್ಪ ಜಾಗ ಬಿಟ್ಟು ಹೊಲಿ" ಎಂದು ಹೇಳಿ ಬಂದಳು. ಬರುವ ದಾರಿಯಲ್ಲಿ ಪಕ್ಕದ ಮನೆಯವರಿಗೆ, ಎದುರು ಮನೆಯವರಿಗೆ, ಮೀನು ಮಾರುವವಳಿಗೆ ಸಹ ಹೇಳಿದಳು. ಹೇಳಿದ ಮೇಲೆ ಇನ್ನು ಪಟ್ಟಿ ಬಾರದಿದ್ದರೆ ಹೇಗೆ? ಗಂಡನಿಗೆ ಅಡ್ಮಿರಲ್ ಭಯ ಒಂದು ಪಾಲಾದರೆ ಹೆಂಡತಿಯ ಭಯ ಮೂರು ಪಾಲು.

ಕಮಾಂಡರ್ ಆಜ್ಞೆ ಮಾಡಿದ. "ಹಡಗು ಹೊಳೆಯಬೇಕು."

ಹಡಗಿನಲ್ಲಿ ಹೊಳೆಯಿಸುವುದು ಎಂದರೆ ಒಂದೇ ಅರ್ಥ. ಹಿತ್ತಾಳೆಯಾದರೆ ಉಜ್ಜು, ಉಳಿದದ್ದಕ್ಕೆ ಬಣ್ಣ ಬಳಿ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಅದಕ್ಕೇ ಬಣ್ಣ ಬೇಕು, ಸರಿ. ಆದರೆ ಇವರು ಏಣಿಗೆ ಬಳಿದರು, ಬಾಗಿಲಿಗೆ ಬಳಿದರು, ಬಾಗಿಲಿನ ಕೀಲಿಗೂ ಬಳಿದರು. ಊಟ ಮಾಡಿ ಕಂಬಕ್ಕೊರಗಿ ಕಣ್ಣುಮುಚ್ಚಿದ್ದ ಒಬ್ಬ ನಾವಿಕ ಎದ್ದು ನೋಡಿದರೆ ಅವನ ಒಂದು ಬೂಟು ಬೂದುಬಣ್ಣ! ಕದಲದೆ ಇದ್ದನಲ್ಲ, ಹಡಗಿನ ಭಾಗವೇ ಎಂದುಕೊಂಡರು.

ಈಗ ಇಲ್ಲಿ ಸ್ವಲ್ಪ ಗಮನ ಇಡಿ. ಡೆಕ್ಕಿನ ಮೇಲೆ ಒಂದು ದಪ್ಪ ಕೊಳವೆ, ಕೊಳವೆಗೆ ಒಂದು ಕೆಂಪು ಚಕ್ರ. ನಮ್ಮ ನಲ್ಲಿ ತಿರುಗಿಸುತ್ತೇವಲ್ಲ, ಅದರ ದೊಡ್ಡಪ್ಪ. ಹಡಗಿಗೆ ಬೆಂಕಿ ಬಿದ್ದರೆ ಆ ಚಕ್ರ ತಿರುಗಿಸಬೇಕು, ಸಮುದ್ರದ ನೀರು ಭುಸ್ಸೆಂದು ಬರುತ್ತದೆ. ವಾರಕ್ಕೊಮ್ಮೆ ಅದನ್ನು ತಿರುಗಿಸಿ ನೋಡಿ ಗ್ರೀಸು ಹಚ್ಚಬೇಕು ಎಂಬುದು ನಿಯಮ. ಬೆಂಕಿ ಇರಲಿ, ಇಲ್ಲದಿರಲಿ, ತಿರುಗಿಸಬೇಕು.

ಅವತ್ತು ಆ ಕೆಲಸದ ನಾವಿಕ ಗ್ರೀಸು ಡಬ್ಬಿ ಹಿಡಿದು ಬಂದ. ಹಡಗಿನವರು ತಮ್ಮೊಳಗೆ ಹಿಂದಿ ಮಾತಾಡುತ್ತಾರೆ, ನಾನು ನಮ್ಮ ಮಾತಿನಲ್ಲೇ ಹೇಳುತ್ತೇನೆ. ಪೆಟ್ಟಿ ಆಫೀಸರ್ ಓಡಿ ಬಂದು ಅಡ್ಡ ನಿಂತ.

"ಏ ಏ, ಮುಟ್ಬೇಡ ಮಾರಾಯ! ಈಗಷ್ಟೇ ಬಣ್ಣ ಹೊಡ್ದದ್ದು."

"ವಾರದ ಪಾಳಿ ಸರ್, ತಿರುಗಿಸ್ಬೇಕು."

"ತಿರುಗಿಸಿದ್ರೆ ಬಣ್ಣ ಒಡೀತದೆ. ಅಡ್ಮಿರಲ್ ಬಂದು ಹೋಗ್ಲಿ, ಆಮೇಲೆ ಬೇಕಾದ್ರೆ ಚಕ್ರದ ಮೇಲೆ ಕೂತು ತಿರುಗು."

"ಅಷ್ಟರೊಳಗೆ ಬೆಂಕಿ ಬಿದ್ರೆ?"

"ಬಾಯಿಗೆ ಬೀಗ ಹಾಕು! ಒಳ್ಳೇ ದಿನ ನೋಡಿ ಅಪಶಕುನ ಆಡ್ತಾನೆ."

ಕಮಾಂಡರ್ ಅಲ್ಲಿಯೇ ಇದ್ದ. ಎಲ್ಲ ಕೇಳಿಸಿಕೊಂಡ. ಚಕ್ರವನ್ನು ನೋಡಿದ. ಅರಸಿನ ಕುಂಕುಮ ಇಟ್ಟ ಮುತ್ತೈದೆಯ ಹಾಗೆ ಕಳೆಕಳೆಯಾಗಿತ್ತು. "ಇನ್ನೊಂದು ಕೈ ಹೊಡೆಯಿರಿ" ಎಂದ. ತಪಾಸಣೆ ಒಂದು ಸಲ ಮುಂದಕ್ಕೆ ಹೋಯಿತು, ಇನ್ನೊಂದು ಕೈ ಹೊಡೆದರು. ಮತ್ತೆ ಮುಂದಕ್ಕೆ ಹೋಯಿತು, ಮತ್ತೊಂದು ಕೈ. ಚಕ್ರ ದಿನದಿನಕ್ಕೆ ಚೆಂದವಾಯಿತು. ಚೆಂದವಾಗಿ ಚೆಂದವಾಗಿ ಅದು ಚಕ್ರವೆಂಬುದನ್ನೇ ಮರೆಯಿತು.

ಅಡ್ಮಿರಲ್ ಬಂದೇ ಬಂದರು. ಅದೂ ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಬೀಗರೂ ಹಾಗೆಯೇ ಅಲ್ಲವೇ? ಹಡಗಿನಲ್ಲಿ ಗಡಿಬಿಡಿ. ಬಣ್ಣ ಒರೆಸಿದ ಎಣ್ಣೆಬಟ್ಟೆಗಳು ರಾಶಿ ಬಿದ್ದಿದ್ದವು. ಎಲ್ಲಿ ಇಡುವುದು? ನಾವು ಎಲ್ಲಿ ಇಡುತ್ತೇವೆ? ಮಂಚದ ಕೆಳಗೆ. ಅವರು ಒಂದು ತಗಡಿನ ಡಬ್ಬದಲ್ಲಿ ತುರುಕಿ ಕ್ಯಾನ್ವಾಸ್ ಪರದೆಯ ಹಿಂದೆ ಬಿಸಿಲಿನಲ್ಲೇ ಇಟ್ಟರು.

ಉದ್ದನೆಯ ಸೀಟಿ ಊದಿದರು. ದೊಡ್ಡವರು ಹಡಗು ಹತ್ತಿದರೆ ಸೀಟಿ ಊದುವುದು ಅಲ್ಲಿಯ ಮರ್ಯಾದೆ. ಇಲ್ಲಿ ಯಾರಾದರೂ ದೊಡ್ಡವರ ಮುಂದೆ ಸೀಟಿ ಊದಲಿ ನೋಡೋಣ, ಕೆನ್ನೆ ಊದುತ್ತದೆ.

ಅಡ್ಮಿರಲ್ ಬಿಳಿ ಸಮವಸ್ತ್ರದಲ್ಲಿ, ಎದೆತುಂಬ ಪದಕ ಹೊತ್ತು, ನಿಧಾನ ನಡೆದು ಬಂದರು. ಏಣಿ ನೋಡಿದರು, "ಭೇಷ್" ಎಂದರು. ಹಿತ್ತಾಳೆ ಗಂಟೆ ನೋಡಿದರು, "ಭೇಷ್" ಎಂದರು. ಕೆಂಪು ಚಕ್ರದ ಮುಂದೆ ನಿಂತರು. ಕಮಾಂಡರನಿಗೆ ನಾಲ್ಕನೆಯ ಪಟ್ಟಿ ಭುಜದ ಮೇಲೆ ಕಚಗುಳಿ ಇಟ್ಟಂತಾಯಿತು. "ಬಹಳ ಭೇಷ್" ಎಂದರು ಅಡ್ಮಿರಲ್.

ಅಷ್ಟರಲ್ಲಿ ಪರದೆಯ ಹಿಂದಿನಿಂದ ಹೊಗೆ. ಬಿಸಿಲಿಗೆ ಕಾದ ಎಣ್ಣೆಬಟ್ಟೆಗೆ ತನ್ನಿಂದ ತಾನೇ ಕಿಡಿ ಹತ್ತಿತ್ತು.

ಮೊದಲು ಕಂಡದ್ದು ಆ ಗ್ರೀಸು ಡಬ್ಬಿಯ ನಾವಿಕನಿಗೆ. ಅವನು ಮೆಲ್ಲಗೆ, "ಬೆಂಕಿ ಸರ್" ಎಂದು ಪೆಟ್ಟಿ ಆಫೀಸರನಿಗೆ ಹೇಳಿದ. ಪೆಟ್ಟಿ ಆಫೀಸರ್ ಲೆಫ್ಟಿನೆಂಟನ ಕಿವಿಯಲ್ಲಿ ಹೇಳಿದ. ಲೆಫ್ಟಿನೆಂಟ್ ಕಮಾಂಡರನ ಹತ್ತಿರ ಸರಿದು ನಿಂತ. ಕಮಾಂಡರ್ ಅಡ್ಮಿರಲ್ ಮಾತು ಮುಗಿಸಲಿ ಎಂದು ಕಾದ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದಲ್ಲ! ಬೆಂಕಿಗೆ ಮಾತ್ರ ಯಾರೂ ಆ ಮರ್ಯಾದೆ ಕಲಿಸಿರಲಿಲ್ಲ. ಅದು ಧಗ್ಗೆಂದು ಪರದೆಗೆ ಏರಿತು.

"ನೀರು! ನೀರು ಬಿಡಿ!"

ನಾವಿಕ ಚಕ್ರ ಹಿಡಿದು ತಿರುಗಿಸಿದ. ಕದಲಲಿಲ್ಲ. ಇಬ್ಬರು ಹಿಡಿದರು. ಕದಲಲಿಲ್ಲ. ನಾಲ್ವರು ಜೋತುಬಿದ್ದರು. ಕೊನೆಗೆ ಕಮಾಂಡರನೇ ಟೋಪಿ ಎಸೆದು ಬಂದು ಹಿಡಿದ. ಚಕ್ರ ಹೊಳೆಯಿತು, ಕದಲಲಿಲ್ಲ.

"ಸುತ್ತಿಗೆ ತಾ! ಹೊಡಿ ಅದಕ್ಕೆ!" ಎಂದು ಕೂಗಿದ ಕಮಾಂಡರ್.

ಪೆಟ್ಟಿ ಆಫೀಸರ್ ಎರಡೂ ಕೈ ಅಡ್ಡ ಚಾಚಿದ. "ಸುತ್ತಿಗೆ ಬೇಡ ಸರ್, ಬಣ್ಣ ಹೋಗ್ತದೆ!"

ನಗಬೇಡಿ. ಅವನನ್ನು ನೋಡಿ ನಗಬೇಡಿ. ತಿಂಗಳುಗಟ್ಟಲೆ ಅವನಿಗೆ ಹೇಳಿದ್ದು ಅದೊಂದೇ ಮಾತು.

ಆ ಹೊತ್ತಿಗೆ ಅಡುಗೆಯವರಿಬ್ಬರು ಒಂದು ದೊಡ್ಡ ಪಾತ್ರೆ ಹೊತ್ತು ಮೇಲೆ ಬಂದರು. ಬೆಂಕಿ ಕಂಡು ನಿಂತೇಬಿಟ್ಟರು.

"ಎಂತದು ಅದು?" ಎಂದರು ಅಡ್ಮಿರಲ್.

"ಮಜ್ಜಿಗೆ ಸರ್. ತಮಗೇ ಅಂತ ಮಾಡಿದ್ದು."

"ಹೊಯ್ಯಿ!"

"ಲೋಟ ತರ್ತೇನೆ ಸರ್."

"ಬೆಂಕಿಗೆ ಹೊಯ್ಯಿ ಮಾರಾಯ!"

"ಒಗ್ಗರಣೆ ಹಾಕಿದ್ದೇನೆ ಸರ್..."

"ಒಗ್ಗರಣೆ ಸಮೇತ ಹೊಯ್ಯಿ!"

ಹೊಯ್ದರು. ಒಂದು ಪಾತ್ರೆ ಹೊಯ್ದರು, ಕೆಳಗಿದ್ದ ಇನ್ನೊಂದು ತಂದು ಹೊಯ್ದರು. ಚುಂಯ್ ಎಂದು ಬೆಂಕಿ ಆರಿತು. ಇಂಗು ಶುಂಠಿಯ ಪರಿಮಳ ಬಂದರಿನ ತುಂಬ ಹರಡಿತು. ಪಕ್ಕದ ಹಡಗಿನವರು ಊಟಕ್ಕೆ ಕರೆಯುತ್ತಾರೇನೋ ಎಂದು ನೋಡತೊಡಗಿದರಂತೆ. ಅಡ್ಮಿರಲ್ ಸಮವಸ್ತ್ರದ ಮೇಲೂ ಸಾಕಷ್ಟು ಬಿದ್ದಿತ್ತು. ಬಟ್ಟೆ ಬಿಳಿ, ಮಜ್ಜಿಗೆ ಬಿಳಿ, ಹಾಗಾಗಿ ಗೊತ್ತಾಗಲಿಲ್ಲ. ಸಾಸಿವೆ ಮಾತ್ರ ಗೊತ್ತಾಯಿತು. ದೊಡ್ಡ ಪದಕದ ಮೇಲೆ ಒಂದು ಕರಿಬೇವಿನ ಎಲೆ.

ಅಡ್ಮಿರಲ್ ಆ ಎಲೆ ತೆಗೆದು ಕೈಯಲ್ಲಿ ಹಿಡಿದರು. ಹಡಗಿನ ಅಂಚಿಗೆ ಹೋಗಿ ಕೆಳಗೆ ಬಗ್ಗಿ ನೋಡಿದರು.

"ಈ ಕಡೆ ನೀರು. ಆ ಕಡೆ ನೀರು. ಕೆಳಗೆ ನೀರು. ಬೆಂಕಿ ಆರಿಸಿದ್ದು ಮಜ್ಜಿಗೆ" ಎಂದರು. ಆಮೇಲೆ ತಿರುಗಿ ಕೇಳಿದರು, "ಈ ಚಕ್ರ ತಿರುಗಿಸಬೇಡ ಅಂದದ್ದು ಯಾರು?"

ಈಗ ನೋಡಿ. ನಾವಿಕ ಪೆಟ್ಟಿ ಆಫೀಸರನ ಕಡೆ ನೋಡಿದ. ಪೆಟ್ಟಿ ಆಫೀಸರ್ ಲೆಫ್ಟಿನೆಂಟನ ಕಡೆ ನೋಡಿದ. ಲೆಫ್ಟಿನೆಂಟ್ ಕಮಾಂಡರನ ಕಡೆ ನೋಡಿದ. ಕಮಾಂಡರನ ಬಾಯಲ್ಲಿ ಪೆಟ್ಟಿ ಆಫೀಸರನ ಹೆಸರು ಸಿದ್ಧವಾಗಿತ್ತು. ಮೊದಲು ಬೇಡ ಎಂದವನು ಅವನೇ, ಸುಳ್ಳೇನೂ ಅಲ್ಲ. ಒಂದು ಹೆಸರು ಹೇಳಿದರೆ ಸಾಕು, ನಾಲ್ಕನೆಯ ಪಟ್ಟಿ ಉಳಿದೀತು. ಟೈಲರ್ ಕಣ್ಣ ಮುಂದೆ ಬಂದ, ಹೆಂಡತಿ ಬಂದಳು, ಮೀನಿನವಳೂ ಬುಟ್ಟಿ ಸಮೇತ ಬಂದಳು.

ಅವನು ಬಾಯಿ ತೆರೆದ. ಮಾತು ಬರಲಿಲ್ಲ. ಗಂಟಲೊಳಗೂ ಒಂದು ಚಕ್ರ ಇತ್ತು ನೋಡಿ, ಅದರ ಮೇಲೂ ಬಹಳ ವರ್ಷದ ಬಣ್ಣ. ಕಮಾಂಡರ್ ಆದ ಮೇಲೆ ಅವನು ಅದನ್ನು ಒಂದು ದಿನವೂ ತಿರುಗಿಸಿರಲಿಲ್ಲ. ಹಡಗಿನಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಮುಖ ಕೆಂಪಾಯಿತು, ಬೆವರು ಇಳಿಯಿತು. ಕಡೆಗೆ ತುಕ್ಕುಹಿಡಿದ ದನಿಯಲ್ಲಿ ಬಂತು:

"ನಾನೇ ಸರ್. ನನ್ನ ಎದುರೇ ಆದದ್ದು. ತಪ್ಪಾಯ್ತು."

ಅಡ್ಮಿರಲ್, "ಸದ್ಯ, ಈ ಹಡಗಿನಲ್ಲಿ ಒಂದಾದರೂ ತಿರುಗಿತಲ್ಲ" ಎಂದು ಹೇಳಿ ಇಳಿದು ಹೋದರು. ಸೀಟಿ ಊದುವುದು ಯಾರಿಗೂ ನೆನಪಾಗಲಿಲ್ಲ.

ಮಧ್ಯಾಹ್ನವೆಲ್ಲ ಕಮಾಂಡರ್ ನೆಲಕ್ಕೆ ಕೂತು ಆ ಚಕ್ರದ ಬಣ್ಣವನ್ನು ತಾನೇ ಕೆರೆದ. ಗ್ರೀಸು ಡಬ್ಬಿಯ ನಾವಿಕ ಪಕ್ಕದಲ್ಲಿ ಕೂತ. ಪೆಟ್ಟಿ ಆಫೀಸರ್ ಕಣ್ಣೊರೆಸಿಕೊಳ್ಳುತ್ತ ನಿಂತ, ಬಣ್ಣ ಹೋಗುತ್ತಿತ್ತಲ್ಲ. ಚಕ್ರ ಕಿರ್ರೆಂದಿತು, ತಿರುಗಿತು. ಮೊದಲು ತುಕ್ಕಿನ ನೀರು ಬಂತು, ಕಾಫಿಯ ಬಣ್ಣದ್ದು. ಆಮೇಲೆ ತಿಳಿಯಾದದ್ದು.

ನಾಲ್ಕನೆಯ ಪಟ್ಟಿ ಬಂತೇ ಎಂದು ಕೇಳುತ್ತೀರಿ. ಆ ವರ್ಷ ಬರಲಿಲ್ಲ. ಆಮೇಲೆ ಬಂತೋ ಇಲ್ಲವೋ, ಟೈಲರನನ್ನು ಕೇಳಬೇಕು.

ಕಥೆ ಮುಗಿಯಿತು. ಇನ್ನು ನಮ್ಮ ಹಡಗುಗಳಿಗೆ ಬರೋಣ.

ಹಬ್ಬ ಬಂದರೆ ನಾವು ಏನು ಮಾಡುತ್ತೇವೆ? ಹೊಸ್ತಿಲು ತೊಳೆಯುತ್ತೇವೆ, ದೀಪದ ಕಂಬ ಉಜ್ಜುತ್ತೇವೆ. ಮಾಡಬೇಕು, ಬೇಡ ಎನ್ನುವುದಿಲ್ಲ. ಆದರೆ ದೇವರು ಬಂದರೆ ನಮ್ಮ ಬಣ್ಣ ನೋಡಿ ಭೇಷ್ ಎಂದು ಹೋಗುತ್ತಾನೆಯೇ? ಅವನು ಚಕ್ರ ತಿರುಗಿಸಿ ನೋಡುತ್ತಾನೆ. ಆ ಚಕ್ರ ಯಾವುದು? "ತಪ್ಪಾಯ್ತು" ಎಂಬ ಒಂದು ಮಾತು. ಮನೆಗೆ ಬೆಂಕಿ ಬಿದ್ದ ದಿನ ನೀರು ಬರುವುದು ಅಲ್ಲಿಂದಲೇ. ನಾವೋ, ಅದರ ಮೇಲೆ ಬಳಿಯುತ್ತಲೇ ಇದ್ದೇವೆ. ನಾನು ಹಿರಿಯಳು, ನಾನ್ಯಾಕೆ ಹೇಳಲಿ, ಒಂದು ಕೈ. ಅವಳೇ ಮೊದಲು ಬರಲಿ, ಇನ್ನೊಂದು ಕೈ. ಈಗ ಹೇಳಿದರೆ ಹೆದರಿದೆ ಎಂದುಕೊಳ್ಳುತ್ತಾಳೆ, ಮತ್ತೊಂದು ಕೈ. ಹೊರಗಿನವರು ನೋಡಿ, "ಎಷ್ಟು ಮರ್ಯಾದಸ್ಥ ಹೆಂಗಸು, ಹೇಗೆ ಹೊಳೆಯುತ್ತಾಳೆ" ಎನ್ನುತ್ತಾರೆ. ಹೌದು, ಹೊಳೆಯುತ್ತೇವೆ. ತಿರುಗುವುದಿಲ್ಲ, ಅಷ್ಟೇ.

ಒಂದು ಮನೆಯಲ್ಲಿ ಇಬ್ಬರು ಓರಗಿತ್ತಿಯರಿದ್ದಾರೆ. ಒಂದೇ ಅಡುಗೆಮನೆ, ಮಾತಿಲ್ಲ. ಒಬ್ಬಳು ಗೋಡೆಗೆ ಹೇಳುತ್ತಾಳೆ, "ಹಾಲು ಉಕ್ಕೋದು ಕೆಲವರಿಗೆ ಕಾಣೋದಿಲ್ಲ." ಇನ್ನೊಬ್ಬಳು ಒಲೆಗೆ ಹೇಳುತ್ತಾಳೆ, "ಕಂಡವ್ರೇ ಇಳಿಸ್ಬಹುದಿತ್ತು." ಗೋಡೆ ಇಳಿಸಲಿಲ್ಲ, ಒಲೆಯೂ ಇಳಿಸಲಿಲ್ಲ, ಹಾಲು ಹೋಯಿತು. ಈಗ ಯಾರೂ ಹಿಂದೆ ತಿರುಗಿ ನೋಡಬೇಡಿ. ಮುಂದೆ ಕೂತ ಇಂದುಮತಿ ಅಕ್ಕ, ನೀವಂತೂ ನೋಡಲೇಬೇಡಿ, ನೀವು ನೋಡಿದರೆ ಎಲ್ಲರೂ ನೋಡುತ್ತಾರೆ. ಪ್ರತಿ ಬೀದಿಯಲ್ಲೂ ಅಂಥ ಒಂದು ಮನೆ ಇದೆ.

ಬೆಂಕಿ ಬಿದ್ದ ದಿನ ತಿರುಗಿಸುತ್ತೇನೆ ಎಂದು ಕಾಯಬೇಡಿ. ಅವತ್ತು ನಾಲ್ಕು ಜನ ಜೋತುಬಿದ್ದರೂ ಕದಲುವುದಿಲ್ಲ. ಬೆಂಕಿ ಇಲ್ಲದ ದಿನ ತಿರುಗಿಸಿ. ಚಹಾಕ್ಕೆ ಸಕ್ಕರೆ ಮರೆತಿರೋ, "ತಪ್ಪಾಯ್ತು" ಎನ್ನಿ. ಸೊಸೆಯನ್ನು ಸುಮ್ಮನೆ ಗದರಿದಿರೋ, ಅತ್ತೆಯಾದರೂ ಸರಿ, "ತಪ್ಪಾಯ್ತು ಮಗಾ" ಎನ್ನಿ. ಗಂಡನ ಅಂಗಿಯ ಗುಂಡಿ ಹೊಲಿಯಲು ಮರೆತಿರೋ, ಹೇಳಿ. ಅವನೂ ನಿಮಗೆ ಹೇಳಲು ಕಲಿಯಲಿ, ಅವನಿಗೆ ಮೂರು ಪಟ್ಟಿ ಇದ್ದರೂ ಸರಿಯೇ. ಮೊದಲ ದಿನ ದನಿ ಒರಟಾಗಿ ಬರುತ್ತದೆ. ಕೇಳಿದವರು, "ಇವತ್ತು ಸೂರ್ಯ ಎತ್ತ ಹುಟ್ಟಿದ?" ಎಂದು ಚುಚ್ಚುತ್ತಾರೆ. ಚುಚ್ಚಲಿ. ಅದು ತುಕ್ಕಿನ ನೀರು, ಹರಿದುಹೋಗಲಿ. ಹಿಂದೆಯೇ ತಿಳಿನೀರು ಬರುತ್ತದೆ.

ಇಂದು ಸಂಜೆ ದೀಪ ಹಚ್ಚುವ ಮೊದಲು ಒಂದು ಸಲ ತಿರುಗಿಸಿ ನೋಡಿ. ನಾಳೆ ಮತ್ತೊಂದು ಸಲ.

ಹೊರಗೆ ಜಗಲಿಯಲ್ಲಿ ಮಜ್ಜಿಗೆ ಇಟ್ಟಿದ್ದಾರೆ, ಒಗ್ಗರಣೆಯ ವಾಸನೆ ಇಲ್ಲಿಗೇ ಬರುತ್ತಿದೆ. ಓರಗಿತ್ತಿಯರು ಒಬ್ಬರಿಗೊಬ್ಬರು ಲೋಟ ಕೊಟ್ಟುಕೊಳ್ಳಿ, ಗೋಡೆಗೆ ಕೊಡಬೇಡಿ. ನಮ್ಮ ಮನೆಗಳಲ್ಲಾದರೂ ಮಜ್ಜಿಗೆ ಕುಡಿಯುವುದಕ್ಕೇ ಇರಲಿ.