ಖಾಲಿ ಬಸ್ಸಿನ ಟಾರ್ಪಾಲಿನ್

ನಾನು, ದಿವಂಗತ ಶಾಂತಯ್ಯ ಗೌಡರ್ ಅವರ ಮಗ ಧರ್ಮರಾಜ, ವಯಸ್ಸು 66, ಸರ್ವೇ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು, ಈಗ ಕಾಫಿ ಮತ್ತು ಕರಿಮೆಣಸಿನ ಕೃಷಿ, ವಾಸ ಬಾವಲಿ, ತೃಶ್ಶಿಲೇರಿ ವಿಲೇಜ್, ಮಾನಂದವಾಡಿ ತಾಲ್ಲೂಕು, ವಯನಾಡ್ ಜಿಲ್ಲೆ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು, ಕೇಳಿದ್ದಕ್ಕೂ ಕೇಳದೆ ಬಿಟ್ಟದ್ದಕ್ಕೂ ಸೇರಿಸಿ ಈ ಮೂಲಕ ತಿಳಿಸುವುದೇನೆಂದರೆ,

ದಿನಾಂಕ 16-12-2025ನೇ ಮಂಗಳವಾರ ಬೆಳಿಗ್ಗೆ 11.20ಕ್ಕೆ ನಾನು ಮಾನಂದವಾಡಿಯ ದಂತವೈದ್ಯರ ಬಳಿ ಕೆಳಗಿನ ಬಲ ದವಡೆಯ ಹಲ್ಲು ಕೀಳಿಸಿಕೊಂಡೆನು. ವೈದ್ಯರು ಹತ್ತಿ ಇಟ್ಟು, ಕಚ್ಚಿ ಹಿಡಿಯಬೇಕೆಂದೂ ಸಂಜೆಯವರೆಗೆ ಹೆಚ್ಚು ಮಾತಾಡಬಾರದೆಂದೂ ಹೇಳಿದರು. ಅಂದು ಬೆಳಗಿನಿಂದಲೇ ಚಂಡಮಾರುತದ ಮಳೆ, ಗಾಳಿ. ಡಿಸೆಂಬರಿನ ಚಳಿ ಅದರ ಮೇಲೆ. ಮಧ್ಯಾಹ್ನ 3 ಗಂಟೆಯ ನಂತರ ಜಿಲ್ಲೆಯಲ್ಲಿ ಯಾವ ಬಸ್ಸೂ ಸರ್ವಿಸ್ ಓಡಿಸಕೂಡದೆಂಬ ಆದೇಶವನ್ನು 12.30ರ ಹೊತ್ತಿಗೆ ಪೇಟೆಯಲ್ಲಿ ಮೈಕಿನಲ್ಲಿ ಸಾರಿದರು. ಆ ಆದೇಶದ ಬಗ್ಗೆ ನನ್ನ ತಕರಾರು ಇಲ್ಲ. ಅಂಥ ಗಾಳಿಯಲ್ಲಿ ಬಸ್ಸು ನಿಲ್ಲಿಸುವುದೇ ಸರಿ. ಎಲ್ಲಿ ನಿಲ್ಲಿಸಿದರು ಎಂಬುದೇ ನನ್ನ ತಕರಾರು.

1.35ಕ್ಕೆ ನಾನು ಬಸ್ ನಿಲ್ದಾಣದಲ್ಲಿ ಬಾವಲಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್ ಬಿನೀಷ್ ಎಂಬವರನ್ನು, ಮೂರರ ಒಳಗೆ ಬಾವಲಿ ಮುಟ್ಟುತ್ತದೆಯೇ ಎಂದು ಕೇಳಿದೆನು. ಬಾಯಲ್ಲಿ ಹತ್ತಿ ಇದ್ದುದರಿಂದ ಎರಡು ಸಲ ಕೇಳಬೇಕಾಯಿತು. ಅವರು "ಪೋಗುಂ, ಪೋಗುಂ, ಕಯರಿಕ್ಕೋ" ಎಂದರು. ಹೋಗುತ್ತದೆ, ಹತ್ತಿಕೊಳ್ಳಿ ಎಂದು ಅರ್ಥ. ನಾನು ಹತ್ತಿದೆನು.

ನನ್ನ ಎದುರಿನ ಸೀಟಿನಲ್ಲಿ ಬಾವಲಿ ಹತ್ತಿರದ ಆದಿವಾಸಿ ಹಾಡಿಯ ಕುಳ್ಳನ್, ವಯಸ್ಸು ಸುಮಾರು 55, ಮತ್ತು ಅವರ ಹೆಂಡತಿ ಕಾರ್ತು ಇದ್ದರು. ಕುಳ್ಳನ್ ಇಪ್ಪತ್ತು ವರ್ಷದಿಂದ ನನಗೆ ಪರಿಚಯ. ಮೆಣಸು ಕೊಯ್ಲಿಗೆ ನಮ್ಮಲ್ಲಿಗೆ ಬರುವವರು. ಕಾರ್ತುವಿಗೆ ಗರ್ಭಕೋಶದ ಆಪರೇಷನ್ ಆಗಿ ಏಳನೇ ದಿನ. ಅಂದೇ ಬಿಡುಗಡೆಯಾಗಿದ್ದು, ನಡೆಯಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದರು. ಜೊತೆಗೆ ಅದೇ ಹಾಡಿಯ ಅಶ್ವತಿ, ವಯಸ್ಸು 22, ಪೇಟೆಯ ಹೊಲಿಗೆ ಅಂಗಡಿಯಲ್ಲಿ ಕೆಲಸ, ಅಂಗಡಿ ಬೇಗ ಮುಚ್ಚಿದ್ದರಿಂದ ಊರಿಗೆ ಹೊರಟಿದ್ದಳು.

ಬಸ್ಸು 1.50ಕ್ಕೆ ಹೊರಟು 2.20ಕ್ಕೆ ಕಾಟ್ಟಿಕುಳಂ ಮುಟ್ಟಿತು. ಅಲ್ಲಿ ಬೇರೆಯವರೆಲ್ಲ ಇಳಿದು ನಾವು ನಾಲ್ವರು ಉಳಿದೆವು. ಡ್ರೈವರ್ ಅಯ್ಯಪ್ಪನ್ ಮತ್ತು ಬಿನೀಷ್ ಕೆಳಗಿಳಿದು ಚಹಾ ಕುಡಿದು, ಮಾಲೀಕರಿಗೆ ಫೋನ್ ಮಾಡಿ, ಮತ್ತೆ ಚಹಾ ಕುಡಿದು, 27 ನಿಮಿಷ ಕಳೆದರು. ಹೋಗುವುದಿಲ್ಲವಾದರೆ ಇಲ್ಲೇ ಹೇಳಿಬಿಡಿ, ಇಲ್ಲಿ ಪಂಚಾಯತಿ ಕಟ್ಟಡವಿದೆ, ಕೂರುತ್ತೇವೆ ಎಂದು ನಾನು ಕಿಟಕಿಯಿಂದ ಕೂಗಿದೆನು. ನನ್ನ ಮಾತು ತಿಳಿಯಲಿಲ್ಲವೆಂದು ಬಿನೀಷ್ ಕೈಸನ್ನೆ ಮಾಡಿದರು. ಅಶ್ವತಿ ಅದನ್ನೇ ಮಲಯಾಳದಲ್ಲಿ ಸ್ಪಷ್ಟವಾಗಿ ಹೇಳಿದಳು. ಅದೂ ಅವರಿಗೆ ತಿಳಿಯಲಿಲ್ಲ. 2.47ಕ್ಕೆ ಬಸ್ಸು ಬಾವಲಿ ಕಡೆಗೆ ಹೊರಟಿತು.

2.56ಕ್ಕೆ, ಕಾಟ್ಟಿಕುಳಂನಿಂದ 4.3 ಕಿಲೋಮೀಟರ್ ದಾಟಿದ ಮೇಲೆ, ಎರಡೂ ಕಡೆ ಕಾಡಿರುವ ಜಾಗದಲ್ಲಿ ಬಿನೀಷ್‌ಗೆ ಫೋನ್ ಬಂದು ಬಸ್ಸು ನಿಂತಿತು. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ, ಬಸ್ ಸ್ಟಾಪೂ ಇಲ್ಲ. ಮಾಲೀಕರು ವಾಪಸು ಬರಲು ಹೇಳಿದ್ದಾರೆ, ಎಲ್ಲರೂ ಇಳಿಯಬೇಕು ಎಂದು ಬಿನೀಷ್ ತಿಳಿಸಿದರು. ಹಾಗಾದರೆ ನಮ್ಮನ್ನೂ ಕಾಟ್ಟಿಕುಳಂಗೆ ವಾಪಸು ಕರೆದೊಯ್ಯಿರಿ ಎಂದೆವು. ಅದು ಸಾಧ್ಯವಿಲ್ಲ ಎಂದರು. ಮೂರು ಗಂಟೆಯ ಮೇಲೆ ಜನ ಇರುವ ಬಸ್ಸು ಕಂಡರೆ ಸರ್ವಿಸ್ ಓಡಿಸಿದ ಹಾಗೆ ಆಗುತ್ತದಂತೆ, ಪರ್ಮಿಟ್‌ಗೆ ತೊಂದರೆಯಂತೆ. ಅವರ ಮಾತು ಹೀಗಿತ್ತು: "ಆಳುಂಡೆಂಗಿಲ್ ಸರ್ವೀಸ್, ಆಳಿಲ್ಲೆಂಗಿಲ್ ವೆರುಂ ವಂಡಿ." ಆಳಿದ್ದರೆ ಸರ್ವಿಸ್, ಆಳಿಲ್ಲದಿದ್ದರೆ ಬರಿಯ ಗಾಡಿ. ಜನರು ಬಿರುಗಾಳಿಗೆ ಸಿಕ್ಕಬಾರದೆಂದು ಹೊರಡಿಸಿದ ಆದೇಶವನ್ನು ಪಾಲಿಸಲು ಜನರನ್ನು ಬಿರುಗಾಳಿಗೆ ಇಳಿಸಬೇಕಾಯಿತು ಎಂಬುದನ್ನು ದಯವಿಟ್ಟು ಹಾಗೆಯೇ ಬರೆದುಕೊಳ್ಳಬೇಕು.

ಕಾರ್ತುವಿನ ಚೀಟಿಯನ್ನು ತೋರಿಸಿದೆನು. ಬಿನೀಷ್ ಅದನ್ನು ಓದಿ ಮಡಚಿ ವಾಪಸು ಕೊಟ್ಟರು. ಕುಳ್ಳನ್ ಅವರಿಗೆ ಕೈಮುಗಿದು, "ಸಾರೆ, ಇವಳ ನಡೆಸೋಕೆ ಆಗಾದಿಲ್ಲ, ಹೊಟ್ಟೇಲಿ ಹೊಲಿಗೆ ಅದೆ" ಎಂದರು. ಅಶ್ವತಿ ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. ಎರಡು ಕಡೆ ಮರ ಬಿದ್ದಿದೆ, ಯಾವಾಗ ಬರುತ್ತೇವೆಂದು ಹೇಳಲಾಗದು ಎಂಬ ಉತ್ತರ ಬಂತು. 3.08ಕ್ಕೆ ಫೋನಿನ ಸಿಗ್ನಲ್ ಹೋಯಿತು. ಬಿನೀಷ್ ನಮ್ಮ ಚೀಲಗಳನ್ನು ತೆಗೆದು ರಸ್ತೆಯ ಮೇಲಿಟ್ಟರು. ಚೀಲ ನೆನೆಯುತ್ತದೆಂದು ಕಾರ್ತು ತಾನೇ ಮೆಟ್ಟಿಲ ಕಂಬಿ ಹಿಡಿದು ಇಳಿದಳು; ಅವಳ ಹಿಂದೆ ನಾವೂ ಇಳಿದೆವು. ನಾವು ಇಷ್ಟಪಟ್ಟು ಇಳಿದೆವು ಎಂದು ಬಸ್ಸಿನ ಮಾಲೀಕರು ಆಮೇಲೆ ಈ ಠಾಣೆಗೆ ಕೊಟ್ಟ ದೂರಿನಲ್ಲಿ ಬರೆದಿರುವುದು ಇದನ್ನೇ.

ಈಗ ಟಾರ್ಪಾಲಿನ್ ವಿಷಯ. ಬಸ್ಸಿನ ಕಿಟಕಿಗಳಿಗೆ ಗಾಜಿಲ್ಲ, ಮಳೆಗೆ ಬಿಡುವ ಟಾರ್ಪಾಲಿನ್ ಪರದೆಗಳಿವೆ. ನನ್ನ ಚೀಲದಲ್ಲಿ ಕಾಫಿ ಗಿಡ ಸವರುವ ಕತ್ತಿ ಇತ್ತು, ಸಾಣೆ ಹಿಡಿಸಲು ಪೇಟೆಗೆ ಒಯ್ದದ್ದು. ಬಿನೀಷ್ ಬಸ್ಸಿನ ಮುಂದೆ ನಿಂತು ತಿರುಗಿಸಲು ಸನ್ನೆ ಮಾಡುತ್ತಿರುವಾಗ ನಾನು ಹಿಂದಿನ ಎಡಭಾಗದ ಎರಡು ಪರದೆಗಳ ಹಗ್ಗವನ್ನು, ಒಟ್ಟು ಎಂಟು ಕಡೆ, ಕತ್ತರಿಸಿ ಪರದೆಗಳನ್ನು ತೆಗೆದೆನು. ನಾನೊಬ್ಬನೇ ತೆಗೆದೆನು. ಆಗ ಕುಳ್ಳನ್ ಹೆಂಡತಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು, ಅವರಿಗೆ ಮೂರನೇ ಕೈ ಇಲ್ಲ. ಡ್ರೈವರ್ ಅಯ್ಯಪ್ಪನ್ ನೋಡಿದರೋ ಇಲ್ಲವೋ ಹೇಳಲಾರೆ. ನಾನು ಕತ್ತರಿಸಿ ಮುಗಿಸುವ ತನಕ, ಅಂದರೆ ಸುಮಾರು ಎರಡು ನಿಮಿಷ, ಬಸ್ಸು ಯಾಕೋ ಹಿಂದಕ್ಕೆ ಬರಲಿಲ್ಲ ಎಂಬುದಷ್ಟೇ ಗೊತ್ತು. 3.16ಕ್ಕೆ ಬಸ್ಸು ಖಾಲಿಯಾಗಿ ಹೋಯಿತು. ಅದರಲ್ಲಿ 38 ಸೀಟುಗಳಿವೆ.

ಬಾವಲಿ 4.7 ಕಿಲೋಮೀಟರ್, ಕಾಟ್ಟಿಕುಳಂ 4.3. ಬಾವಲಿ ದಾರಿಯಲ್ಲೇ ಮುಂದೆ ಅರಣ್ಯ ಕಾವಲುಗಾರರ ಶೆಡ್ ಇದೆ, ಅಲ್ಲಿ ವೈರ್‌ಲೆಸ್ ಇದೆ ಎಂದು ಕುಳ್ಳನ್ ಹೇಳಿದರು. ಗಾಳಿಗೆ ಮುರಿದು ರಸ್ತೆಗೆ ಬಿದ್ದಿದ್ದ ಬಿದಿರನ್ನು ಅವರು ಸವರಿದರು. ಅದು ಬಿದ್ದ ಬಿದಿರು, ಕಡಿದದ್ದಲ್ಲ. ಇನ್ನು ಅರಣ್ಯ ಇಲಾಖೆಯವರೂ ಒಂದು ದೂರು ಕೊಡುವುದು ಬೇಡ. ಒಂದು ಟಾರ್ಪಾಲಿನ್ನನ್ನು ಬಿದಿರಿಗೆ ಜೋಲಿಯಂತೆ ಕಟ್ಟಿ ಕಾರ್ತುವನ್ನು ಮಲಗಿಸಿ, ಇನ್ನೊಂದನ್ನು ಅವಳ ಮೇಲೆ ಹೊದಿಸಿದೆವು. 3.25ಕ್ಕೆ ಹೊರಟೆವು. ಮುಂದೆ ಕುಳ್ಳನ್, ಹಿಂದೆ ನಾನು ಮತ್ತು ಅಶ್ವತಿ ನೂರು ನೂರು ಹೆಜ್ಜೆಗೆ ಸರದಿಯಲ್ಲಿ ಹೆಗಲು ಕೊಡುತ್ತ ಹೊತ್ತೆವು. ನನ್ನ ಹೆಜ್ಜೆ 74 ಸೆಂಟಿಮೀಟರ್. ಸರ್ವೇಯಲ್ಲಿದ್ದವನಾದ್ದರಿಂದ ಎಣಿಸದೆ ನಡೆಯಲು ಬರುವುದಿಲ್ಲ.

1,900ನೇ ಹೆಜ್ಜೆಯ ಹತ್ತಿರ ಕುಳ್ಳನ್ ನಿಂತು, "ಗೌಡರೆ, ಆನೆ ಅದೆ. ಮರಿ ಕೂಡ ಅದೆ. ಉಸಿರೆತ್ತಬೇಡಿ" ಎಂದರು. ನನಗೆ ಮಳೆಯಲ್ಲಿ ಏನೂ ಕಾಣಲಿಲ್ಲ. ಮತ್ತೆ ನೋಡಿದರೆ ಸುಮಾರು 60 ಮೀಟರ್ ಮುಂದೆ ರಸ್ತೆಗೆ ಅಡ್ಡವಾಗಿ ಇತ್ತು. ಅಲ್ಲಿ 22 ನಿಮಿಷ ನಿಂತೆವು. ರಸ್ತೆಯ ಮೇಲೆ ಕಣಕಾಲು ಮಟ್ಟ ನೀರು ಹರಿಯುತ್ತಿದ್ದುದರಿಂದ ಕಾರ್ತುವನ್ನು ಕೆಳಗಿಡಲಾಗಲಿಲ್ಲ. ಕುಳ್ಳನ್ ಒಂದು ಸಲವೂ ಹೆಗಲು ಬದಲಿಸಲಿಲ್ಲ. ಕದಲಿದರೆ ಟಾರ್ಪಾಲಿನ್ ಸದ್ದು ಮಾಡುತ್ತದೆಂದು ಆಮೇಲೆ ಹೇಳಿದರು. ಕಾರ್ತು ಚಳಿಗೆ ನಡುಗುವುದು ಬಿದಿರಿನ ಮೂಲಕ ನನ್ನ ಹೆಗಲಿಗೆ ಗೊತ್ತಾಗುತ್ತಿತ್ತು. ನಂತರ ನಡುಗುವುದು ನಿಂತಿತು. ಆಗ ನನಗೆ ಹೆದರಿಕೆಯಾಯಿತು. ಆನೆ ದಾಟಿದ ಮೇಲೆ ಅಶ್ವತಿ ಮೆಲ್ಲನೆ ಕರೆದಾಗ ಅವಳು ಒಳಗಿನಿಂದ, "ಡಾಕ್ಟರ್ ಚೀಟಿ ಒದ್ದೆ ಆಯ್ತ?" ಎಂದು ಕೇಳಿದಳು. ಇಲ್ಲ ಎಂದು ಅಶ್ವತಿ ಹೇಳಿದಳು. ಅದು ಆಗಲೇ ಒದ್ದೆಯಾಗಿ ಹರಿದುಹೋಗಿತ್ತು.

3,240 ಹೆಜ್ಜೆಗೆ, ಅಂದರೆ 2.4 ಕಿಲೋಮೀಟರಿಗೆ, 4.58ಕ್ಕೆ ಶೆಡ್ ಮುಟ್ಟಿದೆವು. ಕೆಳಗಿನ ಟಾರ್ಪಾಲಿನ್ನಿನಲ್ಲಿ ರಕ್ತ ಇತ್ತು. ಕಾವಲುಗಾರ ಸುಧೀಶ್ ಬೆಂಕಿ ಹಾಕಿ, ತನ್ನ ಕಂಬಳಿ ಕೊಟ್ಟು, ವೈರ್‌ಲೆಸ್ಸಿನಲ್ಲಿ ಹೇಳಿ 5.50ಕ್ಕೆ ಇಲಾಖೆಯ ಜೀಪ್ ತರಿಸಿದರು. ಯಾವ ನಿಯಮದ ಪ್ರಕಾರ ಎಂದು ಅವರು ಯಾರನ್ನೂ ಕೇಳಲಿಲ್ಲ. ಅದರಲ್ಲಿ ಆಸ್ಪತ್ರೆಗೆ ಹೊರಟ ದಾರಿಯಲ್ಲಿ ಒಂದು ಮರ ಕಡಿಯಬೇಕಾಯಿತು. 6.30ಕ್ಕೆ ಕಾಟ್ಟಿಕುಳಂನಲ್ಲಿ, ಮುಚ್ಚಿದ ಅಂಗಡಿಯೊಂದರ ಎದುರು ಅದೇ ಬಸ್ಸು ನಿಂತಿತ್ತು. ನಮ್ಮನ್ನು ಇಳಿಸಿ ಅದು ಹೋದ ದೂರ 4.3 ಕಿಲೋಮೀಟರ್ ಮಾತ್ರ. ಜೀಪಿನಿಂದ ನಾನು ನಂಬರ್ ನೋಡಿ ಖಚಿತ ಮಾಡಿಕೊಂಡೆನು. ಬಾಯಿಯ ಹತ್ತಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಜೀಪಿನಲ್ಲಿ ನಾನು ಆಡಿದ ಮಾತುಗಳು ಈ ಹೇಳಿಕೆಗೆ ಸಂಬಂಧಿಸಿದ್ದಲ್ಲ.

7.15ಕ್ಕೆ ಆಸ್ಪತ್ರೆ. ಹೊಲಿಗೆ ಎರಡು ಕಡೆ ಬಿಚ್ಚಿತ್ತು. ಮತ್ತೆ ಹಾಕಿದರು. ಮರುದಿನ ಜ್ವರ ಬಂದು ಈಗಲೂ ಕಾರ್ತು ವಾರ್ಡಿನಲ್ಲೇ ಇದ್ದಾಳೆ.

18ನೇ ತಾರೀಖು ಬೆಳಿಗ್ಗೆ 10.20ಕ್ಕೆ ನಾನು ಬಸ್ಸಿನ ಮಾಲೀಕರಿಗೆ ಫೋನ್ ಮಾಡಿ, ಪರದೆ ಕತ್ತರಿಸಿದವನು ನಾನು, ತೊಳೆಸಿ ಹಗ್ಗ ಹಾಕಿಸಿ ತಲುಪಿಸುತ್ತೇನೆ ಎಂದು ಹೆಸರು ವಿಳಾಸದೊಂದಿಗೆ ಹೇಳಿದೆನು. ನಾಲ್ಕು ನಿಮಿಷ ಮಾತಾಡಿದ್ದಕ್ಕೆ ಫೋನಿನಲ್ಲಿ ದಾಖಲೆ ಇದೆ. ಅದೇ ದಿನ ಸಂಜೆ 4ಕ್ಕೆ ಅವರು ಈ ಠಾಣೆಯಲ್ಲಿ, ಆದಿವಾಸಿ ಪ್ರಯಾಣಿಕನೊಬ್ಬ ಟಾರ್ಪಾಲಿನ್ ಕದ್ದಿದ್ದಾನೆ ಎಂದು ದೂರು ಕೊಟ್ಟಿದ್ದಾರೆ. ಆರು ತಾಸಿನೊಳಗೆ ನನ್ನ ಹೆಸರು ಮರೆತುಹೋಯಿತು, ಕುಳ್ಳನ್‌ರ ಜಾತಿ ಮಾತ್ರ ನೆನಪಿನಲ್ಲಿತ್ತು.

ಬಟ್ಟೆ ತರಲು 18ರ ಸಂಜೆ ಹಾಡಿಗೆ ಹೋಗಿದ್ದ ಕುಳ್ಳನ್, ತಮ್ಮೊಂದಿಗೆ ಒಯ್ದಿದ್ದ ಎರಡೂ ಟಾರ್ಪಾಲಿನ್ನುಗಳನ್ನು ಹೊಳೆಯಲ್ಲಿ ತೊಳೆದು, ಬೆಂಕಿಗೆ ಒಣಗಿಸಿ, ಮಡಚಿ, ಇಂದು 19ರ ಬೆಳಿಗ್ಗೆ 7.40ಕ್ಕೆ ಬಾವಲಿ ನಿಲ್ದಾಣದಲ್ಲಿ ಆ ಬಸ್ಸಿಗೆ ವಾಪಸು ಕೊಡಲು ಕಾಯುತ್ತಿದ್ದರು. ಆಸ್ಪತ್ರೆಗೂ ಅದೇ ಬಸ್ಸಿನಲ್ಲಿ ಹೋಗುವವರಿದ್ದರು. "ಇದು ನಿಮ್ಮದು" ಎಂದು ಕೈಗೆ ಕೊಟ್ಟವರನ್ನು ಬಿನೀಷ್ ಕಳ್ಳಮಾಲಿನೊಂದಿಗೆ ಹಿಡಿದೆನೆಂದು ಠಾಣೆಗೆ ತಂದಿದ್ದಾರೆ. ಇದನ್ನು ಕಣ್ಣಾರೆ ಕಂಡ ಅಶ್ವತಿ 8.55ಕ್ಕೆ ಫೋನ್ ಮಾಡಿ ತಿಳಿಸಿದಳು. ನಾನು 10.05ಕ್ಕೆ ಇಲ್ಲಿಗೆ ಬಂದಾಗ ಅವರು ಹೊರಗಿನ ಬೆಂಚಿನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಬೆಂಚು ಖಾಲಿ ಇತ್ತು.

ಠಾಣೆಯವರು ಮೊದಲು ಮಲಯಾಳದಲ್ಲಿ ಬರೆದ ನನ್ನ ಹೇಳಿಕೆಯಲ್ಲಿ, ಕುಳ್ಳನ್ ಪರದೆ ತೆಗೆಯುವಾಗ ನಾನು ಸಹಾಯ ಮಾಡಿದೆನೆಂದು ಇತ್ತು. ನನಗೆ ಮಲಯಾಳ ಓದಲು ಬರುತ್ತದೆ; ನನ್ನ ನೌಕರಿಯೆಲ್ಲ ಅದರಲ್ಲೇ ನಡೆದದ್ದು. ಸಹಿ ಹಾಕಲು ಒಪ್ಪಲಿಲ್ಲ. ಕನ್ನಡ ಬಲ್ಲ ಪೊಲೀಸ್ ಅಧಿಕಾರಿ ಸಜಿನ ಅವರು ಈಗ ನಾನು ಹೇಳಿದಂತೆಯೇ ಬರೆದುಕೊಂಡಿದ್ದಾರೆ. ಪರದೆ ಕತ್ತರಿಸಿದ್ದು ಅಪರಾಧವಾದರೆ ನನ್ನ ಮೇಲೆ ಕೇಸು ಹಾಕಬೇಕು. ಆಪರೇಷನ್ ಆದ ಹೆಂಗಸನ್ನು ಬಿರುಗಾಳಿಯಲ್ಲಿ ಕಾಡಿನ ನಡುವೆ ಇಳಿಸಿದ್ದರ ಮೇಲೆ ನನ್ನ ದೂರನ್ನೂ ಇಂದೇ ದಾಖಲಿಸಿ ರಸೀದಿ ಕೊಡಬೇಕು.

ಈಗ ಸಮಯ 12.40. ಆಸ್ಪತ್ರೆಯಲ್ಲಿ ಕಾರ್ತುವಿನ ಬಳಿ ಯಾರೂ ಇಲ್ಲ. ಗಂಡ ಯಾಕೆ ಬರಲಿಲ್ಲವೆಂದು ಅವಳಿಗೆ ಗೊತ್ತಿಲ್ಲ. ಸಹಿ ಹಾಕಿದ ಕೂಡಲೇ ನಾನು ಕುಳ್ಳನ್‌ರನ್ನು ಎಬ್ಬಿಸಿಕೊಂಡು ಅಲ್ಲಿಗೆ ಹೋಗುತ್ತೇನೆ. ತಡೆಯುವವರಿದ್ದರೆ ತಮ್ಮ ಹೆಸರು, ಹುದ್ದೆ ಮತ್ತು ಕಾರಣವನ್ನು ಈ ಕಾಗದದ ಕೆಳಗೆ ಬರೆದು ಸಹಿ ಹಾಕಿ ತಡೆಯಬೇಕು. ಅದಕ್ಕಾಗಿ ನಾಲ್ಕು ಸಾಲು ಜಾಗ ಬಿಡಿಸಿದ್ದೇನೆ.

ಇದರಲ್ಲಿರುವ ಸಮಯ, ದೂರ, ಮಾತು ಎಲ್ಲವೂ ನಾನು ಕಂಡು ಕೇಳಿ ಎಣಿಸಿದ್ದೂ ವಿಚಾರಿಸಿ ತಿಳಿದದ್ದೂ ಆಗಿದ್ದು, ಓದಿಸಿ ಕೇಳಿ ಸರಿಯಿದೆಯೆಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಮಾನಂದವಾಡಿ
ದಿನಾಂಕ: 19-12-2025

(ಸಹಿ)
ಧರ್ಮರಾಜ

ಬರೆದುಕೊಂಡವರು: ಸಜಿನ, ಸಿವಿಲ್ ಪೊಲೀಸ್ ಅಧಿಕಾರಿ

ಷರಾ: ಬಿಟ್ಟ ನಾಲ್ಕು ಸಾಲುಗಳಲ್ಲಿ ಯಾರೂ ಏನೂ ಬರೆದಿರುವುದಿಲ್ಲ. ಹೇಳಿಕೆದಾರರೂ ಕುಳ್ಳನ್ ಎಂಬವರೂ 12.52ಕ್ಕೆ ಠಾಣೆಯಿಂದ ಹೊರಟಿರುತ್ತಾರೆ.